ಬೀರುವಿನೊಳಗಿನ ಅಂಟು

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಅಥವಾ ಪೀಣ್ಯದ ಸುತ್ತಮುತ್ತ ಹೊಸ ಫ್ಲ್ಯಾಟ್ ಕೊಂಡವರು ಬೀಗದ ಕೈ ಸಿಕ್ಕೊಡನೆ ಮಾಡಿಸುವುದು ಎರಡು ವಸ್ತುಗಳನ್ನು: ಮಲಗುವ ಕೋಣೆಗೆ ಬಟ್ಟೆಯ ಬೀರು, ಅಡುಗೆಮನೆಗೆ ಕಪಾಟು. ಬಣ್ಣ ಯಾವುದು, ಹಿಡಿಕೆ ಎಂಥದು, ಚದರ ಅಡಿಗೆ ದರ ಎಷ್ಟು ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಆದರೆ ಆ ಬೀರು ಇಪ್ಪತ್ತು ವರ್ಷ ಬಾಳುವುದೇ ಅಥವಾ ಮೂರನೆಯ ಮಳೆಗಾಲಕ್ಕೇ ಉಬ್ಬುವುದೇ, ಅದರಿಂದ ಹೊರಬರುವ ವಾಸನೆ ಕಣ್ಣು ಮೂಗುಗಳನ್ನು ಉರಿಸುವುದೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬಣ್ಣವೂ ಅಲ್ಲ, ಹಿಡಿಕೆಯೂ ಅಲ್ಲ. ಹಲಗೆಯ ಪದರಗಳ ನಡುವೆ ಅಡಗಿರುವ, ಯಾರ ಕಣ್ಣಿಗೂ ಬೀಳದ ಅಂಟು. ಇಂದಿನ ಬೀರು ಮರದಿಂದ ಆದದ್ದೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದರ ಇತಿಹಾಸ ಮರದ ಇತಿಹಾಸವಾಗಿರುವಷ್ಟೇ ಅಂಟಿನ ಇತಿಹಾಸವೂ ಹೌದು. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿಯೇ.

ಗೂಡು, ಪೆಟ್ಟಿಗೆ, ಬೀರು

ನಮ್ಮ ಹಳೆಯ ಮನೆಗಳಲ್ಲಿ ಬೀರು ಇರಲಿಲ್ಲ. ದಪ್ಪ ಗೋಡೆಯಲ್ಲಿ ಗೂಡುಗಳಿರುತ್ತಿದ್ದವು. ಬೆಲೆಬಾಳುವ ಬಟ್ಟೆಬರೆ ಮರದ ಪೆಟ್ಟಿಗೆಯಲ್ಲಿ, ಕಾಳುಕಡಿ ಕಣಜ ಮತ್ತು ಮಡಕೆಗಳಲ್ಲಿ, ಉಳಿದದ್ದೆಲ್ಲ ಅಟ್ಟದ ಮೇಲೆ. ಈ ವಸ್ತು ಹೊರಗಿನಿಂದ ಬಂದದ್ದೆಂಬುದನ್ನು ಅದರ ಹೆಸರುಗಳೇ ಹೇಳುತ್ತವೆ. ‘ಅಲಮಾರು’ ಪೋರ್ಚುಗೀಸರ ‘ಅರ್ಮಾರಿಯೊ’ದಿಂದ ಬಂದ ಪದ. ‘ಬೀರು’ವಿನ ಮೂಲ ಫ್ರೆಂಚಿನ ‘ಬ್ಯೂರೋ’. ‘ಕಪಾಟು’ ಮಾತ್ರ ಬಾಗಿಲು ಎಂಬ ಅರ್ಥದ ಸಂಸ್ಕೃತದ ‘ಕಪಾಟ’ದಿಂದ ಬಂದದ್ದು. 1923ರಲ್ಲಿ ಗೋದ್ರೆಜ್ ಸಂಸ್ಥೆ ಉಕ್ಕಿನ ಬೀರುಗಳನ್ನು ತಯಾರಿಸತೊಡಗಿತು. ಮುಂದೆ ಮಧ್ಯಮ ವರ್ಗದ ಮನೆಗಳಲ್ಲಿ ಅದು ಮದುವೆಯ ಉಡುಗೊರೆಯ ಸ್ಥಾನ ಪಡೆಯಿತು.

ಉಳ್ಳವರು ಮರದ ಬೀರು ಮಾಡಿಸುತ್ತಿದ್ದರು. ಆಚಾರಿ ಮನೆಗೇ ಬಂದು ತೇಗ, ಬೀಟೆ, ಹೊನ್ನೆ ಅಥವಾ ಹಲಸಿನ ಹಲಗೆಗಳನ್ನು ಕೊಯ್ದು ಕೆಲಸ ಮಾಡುತ್ತಿದ್ದ. ಅವನ ಬಾಗಿಲುಗಳಲ್ಲಿ ಒಂದು ವಿಶೇಷವಿತ್ತು. ಇಡೀ ಬಾಗಿಲನ್ನು ಒಂದೇ ಅಗಲ ಹಲಗೆಯಿಂದ ಮಾಡದೆ, ಸುತ್ತ ಒಂದು ಚೌಕಟ್ಟು ಕಟ್ಟಿ ಅದರ ಗಾಡಿಯೊಳಗೆ ತೆಳು ಹಲಗೆಯನ್ನು ಸಡಿಲವಾಗಿ ಕೂರಿಸುತ್ತಿದ್ದ. ಅಲ್ಲಿಗೆ ಮೊಳೆಯನ್ನೂ ಹೊಡೆಯುತ್ತಿರಲಿಲ್ಲ, ಅಂಟನ್ನೂ ಹಾಕುತ್ತಿರಲಿಲ್ಲ. ಇದು ಕೇವಲ ಅಂದಕ್ಕಾಗಿ ಮಾಡಿದ್ದಲ್ಲ. ಮರ ಅಲುಗುತ್ತದೆ ಎಂಬ ಅನುಭವದಿಂದ ಬಂದ ಜಾಣ್ಮೆ ಅದು.

ಮರ ಏಕೆ ಅಲುಗುತ್ತದೆ?

ಮರದ ದೇಹ ಉದ್ದನೆಯ ಕೊಳವೆಗಳಂಥ ಜೀವಕೋಶಗಳಿಂದಾಗಿದೆ. ಈ ಕೊಳವೆಗಳ ಗೋಡೆಯಲ್ಲಿರುವ ಸೆಲ್ಯುಲೋಸ್ ಎಳೆಗಳು ಹೆಚ್ಚುಕಡಿಮೆ ಕಾಂಡದ ಉದ್ದಕ್ಕೇ ಸಾಗುತ್ತವೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ನೀರಿನ ಅಣುಗಳು ಈ ಎಳೆಗಳ ನಡುವೆ ಸೇರಿ ಅವನ್ನು ದೂರ ತಳ್ಳುತ್ತವೆ. ಒಣಗಿದಾಗ ಎಳೆಗಳು ಮತ್ತೆ ಹತ್ತಿರ ಬರುತ್ತವೆ. ಹೀಗಾಗಿ ಹಸಿಮರ ಪೂರ್ತಿ ಒಣಗುವಾಗ ಉದ್ದದಲ್ಲಿ ಶೇಕಡಾ 0.1ರಿಂದ 0.3ರಷ್ಟು ಮಾತ್ರ ಕುಗ್ಗಿದರೆ, ವಾರ್ಷಿಕ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಅನೇಕ ಮರಗಳು ಶೇಕಡಾ 6ರಿಂದ 12ರಷ್ಟು ಕುಗ್ಗುತ್ತವೆ. ಕೇಂದ್ರದಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಕುಗ್ಗುವುದು ಸುಮಾರು ಇದರ ಅರ್ಧ. ಒಂದೇ ಹಲಗೆ ಮೂರು ದಿಕ್ಕುಗಳಲ್ಲಿ ಮೂರು ಬಗೆಯಾಗಿ ಕುಗ್ಗುವುದರಿಂದ ಅದು ಬಾಗುತ್ತದೆ, ತಿರುಚುತ್ತದೆ, ಸೀಳುತ್ತದೆ. ತೇಗ ಶ್ರೇಷ್ಠ ಎನಿಸಿಕೊಂಡದ್ದಕ್ಕೆ ಅದು ಇತರ ಮರಗಳಿಗಿಂತ ಕಡಿಮೆ ಅಲುಗುವುದೂ ಒಂದು ಕಾರಣ.

ಆಚಾರಿ ಈ ಚಲನೆಗೆ ಜಾಗ ಬಿಟ್ಟು ಸಮಸ್ಯೆಯನ್ನು ನಿವಾರಿಸಿದ. ಪ್ಲೈವುಡ್ ಕಂಡುಹಿಡಿದವರು ಚಲನೆಯನ್ನೇ ಕಟ್ಟಿಹಾಕಿದರು. ಮರದಿಂದ ತೆಳುವಾದ ಹಾಳೆಗಳನ್ನು, ಅಂದರೆ ವೆನೀರ್‌ಗಳನ್ನು, ಸುಲಿದು ಒಂದರ ಎಳೆ ಇನ್ನೊಂದರ ಎಳೆಗೆ ಅಡ್ಡಲಾಗಿರುವಂತೆ ಜೋಡಿಸಿ ಅಂಟಿಸಿದರೆ ಪ್ರತಿ ಹಾಳೆಯ ಅಗಲದ ಚಲನೆಯನ್ನು ಅದರ ನೆರೆಯ ಹಾಳೆಯ ಉದ್ದನೆಯ ಎಳೆಗಳು ತಡೆಯುತ್ತವೆ. ಎರಡೂ ಮುಖಗಳಲ್ಲಿ ಎಳೆತ ಸಮನಾಗಿರಬೇಕಾದ್ದರಿಂದ ಹಾಳೆಗಳ ಸಂಖ್ಯೆ ಸಾಮಾನ್ಯವಾಗಿ ಬೆಸವಾಗಿರುತ್ತದೆ: 3, 5, 7, 13. ತೆಳು ಹಾಳೆಗಳನ್ನು ಅಂಟಿಸುವ ಕಲೆ ಪ್ರಾಚೀನ ಈಜಿಪ್ಟಿನವರಿಗೂ ತಿಳಿದಿತ್ತು. ಆದರೆ ಈ ಉಪಾಯದಲ್ಲಿ ಒಂದು ಷರತ್ತಿದೆ. ಮರದ ಚಲನೆಯನ್ನು ತಡೆಯುವ ಬಲವೆಲ್ಲ ಅಂಟಿನ ಮೂಲಕವೇ ಹಾಯಬೇಕು. ಅಂಟು ಸೋತರೆ ಹಲಗೆಯೂ ಸೋತಂತೆ.

ಚಹಾ ಪೆಟ್ಟಿಗೆಯಿಂದ ಯುದ್ಧವಿಮಾನಕ್ಕೆ

ಭಾರತಕ್ಕೆ ಪ್ಲೈವುಡ್ ಬಂದದ್ದು ಪೀಠೋಪಕರಣವಾಗಿ ಅಲ್ಲ, ಚಹಾ ಪೆಟ್ಟಿಗೆಯಾಗಿ. ಮೊದಮೊದಲು ಯುರೋಪಿನಿಂದ ಆಮದಾಗುತ್ತಿದ್ದ ಈ ಹಲಗೆಗಳನ್ನು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅಸ್ಸಾಮಿನಲ್ಲಿಯೇ ತಯಾರಿಸತೊಡಗಿದರು. ದಕ್ಷಿಣದಲ್ಲಿ ಪಶ್ಚಿಮ ಘಟ್ಟಗಳ ಮರವನ್ನು ನೆಚ್ಚಿಕೊಂಡು ಕಾರ್ಖಾನೆಗಳು ಎದ್ದವು. ಕಾಸರಗೋಡಿನ ದಕ್ಷಿಣಕ್ಕಿರುವ ಕಣ್ಣೂರಿನ ಬಳಿಯ ವಳಪಟ್ಟಣದಲ್ಲಿ 1945ರಲ್ಲಿ ವೆಸ್ಟರ್ನ್ ಇಂಡಿಯಾ ಪ್ಲೈವುಡ್ಸ್ ಸ್ಥಾಪನೆಯಾಯಿತು. ನಮ್ಮ ದಾಂಡೇಲಿಯಲ್ಲಿಯೂ ಪ್ಲೈವುಡ್ ಕಾರ್ಖಾನೆ ಇತ್ತು.

ಆ ಕಾಲದ ಅಂಟುಗಳು ಜೀವಿಗಳಿಂದ ಬಂದವು. ಬಡಗಿಯ ಸರೇಸು ಪ್ರಾಣಿಗಳ ಚರ್ಮ, ಮೂಳೆಗಳನ್ನು ಕುದಿಸಿ ಮಾಡಿದ್ದು. ಕಾರ್ಖಾನೆಗಳಲ್ಲಿ ಹಾಲಿನ ಕೇಸೀನ್, ಕಸಾಯಿಖಾನೆಯ ರಕ್ತದ ಆಲ್ಬುಮಿನ್ ಬಳಕೆಯಲ್ಲಿದ್ದವು. ಇವೆಲ್ಲ ಪ್ರೋಟೀನುಗಳು. ಒಣಗಿದಾಗ ಗಟ್ಟಿ; ಆದರೆ ತೇವ ತಗುಲಿದರೆ ಮೆದುವಾಗುತ್ತವೆ, ಬೂಷ್ಟು ಹಿಡಿಯುತ್ತವೆ. ಚಹಾ ಪೆಟ್ಟಿಗೆ ಒಂದು ಪ್ರಯಾಣ ತಾಳಿದರೆ ಸಾಕಿತ್ತು. ವಿಮಾನಕ್ಕೆ ಅಷ್ಟು ಸಾಲದು.

ಎರಡನೆಯ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ಅಭಾವವಾದಾಗ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಸಂಸ್ಥೆ ‘ಮಾಸ್ಕಿಟೊ’ ಎಂಬ ಯುದ್ಧವಿಮಾನವನ್ನು ಪ್ಲೈವುಡ್ ಮತ್ತು ಬಾಲ್ಸಾ ಮರದಿಂದ ಕಟ್ಟಿತು. ಅದು 1940ರಲ್ಲಿ ಮೊದಲ ಬಾರಿಗೆ ಹಾರಿತು. 1944ರಲ್ಲಿ ಭಾರತ–ಬರ್ಮಾ ರಂಗದಲ್ಲಿ ಕೆಲವು ಮಾಸ್ಕಿಟೊಗಳ ರೆಕ್ಕೆಗಳು ಹಾರಾಟದಲ್ಲೇ ಬಿಚ್ಚಿಕೊಂಡವು. ಮೊದಲ ಅನುಮಾನ ಬಂದದ್ದು ಕೇಸೀನ್ ಅಂಟಿನ ಮೇಲೆ. ಮಳೆಗಾಲದ ತೇವದಲ್ಲಿ ಮರ ಅಲುಗಿದ್ದು, ಕಾರ್ಖಾನೆಯಲ್ಲಿ ಅಂಟಿಸುವ ಕೆಲಸ ಸರಿಯಾಗಿ ಆಗದಿದ್ದದ್ದು ಮುಂತಾದ ಕಾರಣಗಳೂ ವಿಚಾರಣೆಯಲ್ಲಿ ಹೊರಬಂದವು. ಯುರೋಪಿನ ಹವೆಗೆ ಒಪ್ಪಿದ ಹಲಗೆ ನಮ್ಮ ಹವೆಗೆ ಒಪ್ಪಲೇಬೇಕೆಂದಿಲ್ಲ ಎಂಬ ಪಾಠವನ್ನು ಆಗ ಪ್ರಾಣ ತೆತ್ತು ಕಲಿಯಬೇಕಾಯಿತು.

ಎರಡು ಅಂಟುಗಳ ರಸಾಯನ

ಪ್ರೋಟೀನು ಅಂಟುಗಳ ಜಾಗಕ್ಕೆ ಬಂದವು ಎರಡು ಕೃತಕ ರಾಳಗಳು. 1909ರಲ್ಲಿ ಲಿಯೋ ಬೇಕಲೆಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳ ರಾಳವನ್ನು ಜಗತ್ತಿಗೆ ಪ್ರಕಟಿಸಿದ. ಅದೇ ಬೇಕಲೈಟ್. ಮುಂದಿನ ಒಂದೆರಡು ದಶಕಗಳಲ್ಲಿ ಯೂರಿಯಾ–ಫಾರ್ಮಾಲ್ಡಿಹೈಡ್ ರಾಳವೂ ಬಳಕೆಗೆ ಬಂತು. ಎರಡರಲ್ಲಿಯೂ ಫಾರ್ಮಾಲ್ಡಿಹೈಡ್ ಇದೆ. ಅದು ಸಣ್ಣ ಅಣು. ಎರಡು ದೊಡ್ಡ ಅಣುಗಳ ನಡುವೆ ಸೇತುವೆಯಾಗುತ್ತದೆ. ಅದರ ತಯಾರಿಕೆಗೆ ಬೇಕಾದ ಮೆಥನಾಲ್‌ಗೆ ಒಂದು ಕಾಲದಲ್ಲಿ ‘ಮರದ ಮದ್ಯಸಾರ’ ಎಂದೇ ಹೆಸರು. ಮರವನ್ನು ಗಾಳಿಯಿಲ್ಲದೆ ಕಾಯಿಸಿ ಅದನ್ನು ಪಡೆಯುತ್ತಿದ್ದರು. 1923ರಲ್ಲಿ ಆರಂಭವಾದ ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆಯಲ್ಲಿ ಇಂಥ ಮರ ಭಟ್ಟಿಯ ಘಟಕವೇ ಇತ್ತು.

ಎರಡು ರಾಳಗಳ ಗುಣ ಬೇರೆಯಾಗುವುದು ಸೇತುವೆಯ ತುದಿಗಳಲ್ಲಿ. ಫೀನಾಲ್ ರಾಳದಲ್ಲಿ ಉಂಗುರಗಳನ್ನು ಜೋಡಿಸುವುದು ಇಂಗಾಲ–ಇಂಗಾಲ ಬಂಧ. ಕುದಿಯುವ ನೀರಿಗೂ ಅದು ಜಗ್ಗದು. ಯೂರಿಯಾ ರಾಳದಲ್ಲಿ ಸೇತುವೆ ನಿಲ್ಲುವುದು ನೈಟ್ರೋಜನ್ ಪರಮಾಣುಗಳ ಮೇಲೆ. ಬಿಸಿ ಮತ್ತು ತೇವ ಕೂಡಿದಾಗ ಈ ಬಂಧ ನಿಧಾನವಾಗಿ ಕಳಚಿ, ರಾಳ ತಯಾರಾದ ಕ್ರಿಯೆಯೇ ಹಿಂದಕ್ಕೆ ಸಾಗುತ್ತದೆ. ಆಗ ಅಂಟೂ ಸಡಿಲವಾಗುತ್ತದೆ, ಫಾರ್ಮಾಲ್ಡಿಹೈಡ್ ಅನಿಲವೂ ಹೊರಬೀಳುತ್ತದೆ. ಯೂರಿಯಾ ರಾಳ ಅಗ್ಗ, ಬಣ್ಣರಹಿತ, ಬೇಗ ಗಟ್ಟಿಯಾಗುತ್ತದೆ. ಫೀನಾಲ್ ರಾಳ ದುಬಾರಿ, ಕಂದುಗೆಂಪು, ಹೆಚ್ಚು ಶಾಖ ಬೇಡುತ್ತದೆ. ಬೀರು ಮಾಡಿಸುವವರು ಅರಿಯದೆಯೇ ಮಾಡುವ ಆಯ್ಕೆ ಈ ಎರಡರ ನಡುವಿನದು.

ಅಂಗಡಿಯಲ್ಲಿ ಕೇಳಿಬರುವ ‘ಎಂ.ಆರ್.’, ‘ಬಿ.ಡಬ್ಲ್ಯು.ಆರ್.’, ‘ಮರೀನ್’ ಎಂಬ ಮಾತುಗಳ ಅರ್ಥವೂ ಇದೇ. ಐ.ಎಸ್. 303 ಮಾನಕ ದಶಕಗಳ ಕಾಲ ಅನುಸರಿಸಿದ ವಿಂಗಡಣೆಯಲ್ಲಿ ಮೊದಲನೆಯ ವರ್ಗದ ತುಣುಕು 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 3 ಗಂಟೆ ತಾಳಬೇಕು; ಎರಡನೆಯದು ಕುದಿನೀರಿನಲ್ಲಿ 8 ಗಂಟೆ. ಐ.ಎಸ್. 710ರ ಮರೀನ್ ಹಲಗೆ 72 ಗಂಟೆ ಕುದಿದರೂ ಬಿಡಬಾರದು. ಸಾಮಾನ್ಯವಾಗಿ ಮೊದಲನೆಯದರಲ್ಲಿ ಯೂರಿಯಾ ರಾಳ, ಉಳಿದವುಗಳಲ್ಲಿ ಫೀನಾಲ್ ರಾಳ ಇರುತ್ತದೆ.

ಬೆಂಗಳೂರಿನ ಎರಡು ಪ್ರಯೋಗಾಲಯಗಳು

ನಮ್ಮ ಮರ, ನಮ್ಮ ಹವೆ, ನಮ್ಮ ಗೆದ್ದಲುಗಳಿಗೆ ಹೊಂದುವ ಹಲಗೆಯನ್ನು ರೂಪಿಸುವ ಕೆಲಸ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಮೊದಲಾಗಿತ್ತು. ಅಲ್ಲಿಯ ಸೋಂಟಿ ಕಾಮೇಶನ್ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಲವಣಗಳನ್ನು ಬೆರೆಸಿ ‘ಆಸ್ಕು’ ಎಂಬ ಮರರಕ್ಷಕವನ್ನು ಕಂಡುಹಿಡಿದರು. ಮುಂದೆ ಅದು ಜಗತ್ತಿನಾದ್ಯಂತ ವಿದ್ಯುತ್ ಕಂಬ, ಬೇಲಿಗೂಟಗಳಿಗೆ ಬಳಕೆಯಾಯಿತು. ಆರ್ಸೆನಿಕ್‌ನ ವಿಷದ ಕಾರಣ 2004ರ ವೇಳೆಗೆ ಅಮೆರಿಕದ ಮನೆಬಳಕೆಯಿಂದ ಅದನ್ನು ಕೈಬಿಟ್ಟರು.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಸಂಸ್ಥಾನ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವನ್ನು ತೆರೆಯಿತು. 1988ರಲ್ಲಿ ಅದೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಯಶವಂತಪುರದಿಂದ ಪೀಣ್ಯದ ಕಡೆಗೆ ಹೋಗುವ ತುಮಕೂರು ರಸ್ತೆಯಲ್ಲಿ ಇನ್ನೊಂದು ಸಂಸ್ಥೆ ಬೆಳೆಯಿತು. ಪ್ಲೈವುಡ್ ಉದ್ಯಮಿಗಳು ಮತ್ತು ವೈಜ್ಞಾನಿಕ ಹಾಗೂ ಕೈಗಾರಿಕಾ ಸಂಶೋಧನಾ ಮಂಡಳಿ ಕೂಡಿ 1962ರಲ್ಲಿ ಆರಂಭಿಸಿದ ಆ ಸಂಸ್ಥೆ ಮುಂದೆ ಭಾರತೀಯ ಪ್ಲೈವುಡ್ ಉದ್ಯಮಗಳ ಸಂಶೋಧನೆ ಮತ್ತು ತರಬೇತಿ ಸಂಸ್ಥೆ, ಸಂಕ್ಷಿಪ್ತವಾಗಿ ‘ಇಪಿರ್ತಿ’ ಎಂದು ಹೆಸರಾಯಿತು. 2020ರ ದಶಕದ ಆರಂಭದಲ್ಲಿ ಇದು ಮಲ್ಲೇಶ್ವರದ ಸಂಸ್ಥೆಯೊಡನೆ ವಿಲೀನವಾಯಿತು.

ಇಪಿರ್ತಿಯ ಮುಂದಿದ್ದ ದೊಡ್ಡ ಪ್ರಶ್ನೆ ಅಂಟಿನದೇ. ಫೀನಾಲ್ ಪೆಟ್ರೋಲಿಯಂನಿಂದ ಬರುವ ವಸ್ತು. 1973ರ ತೈಲ ಬಿಕ್ಕಟ್ಟಿನ ನಂತರ ಅದರ ಬೆಲೆ ಏರಿತು. ಹಾಗಾದರೆ ಫೀನಾಲ್‌ನ ಒಂದು ಪಾಲನ್ನಾದರೂ ಸಸ್ಯಗಳಿಂದ ಪಡೆಯಬಹುದೇ? ಗೇರುಬೀಜದ ಸಿಪ್ಪೆಯೆಣ್ಣೆ, ಮರದಲ್ಲೇ ಇರುವ ಲಿಗ್ನಿನ್, ತೊಗಟೆಯ ಟ್ಯಾನಿನ್ – ಮೂರರಲ್ಲಿಯೂ ಫೀನಾಲ್‌ನಂಥ ಉಂಗುರಗಳಿವೆ. ಇವನ್ನು ರಾಳದಲ್ಲಿ ಬೆರೆಸುವ ಪ್ರಯೋಗಗಳು ಇಲ್ಲಿ ನಡೆದವು. ನಮ್ಮ ಕರಾವಳಿಯ ಗೇರು ಕಾರ್ಖಾನೆಯ ಉಪೋತ್ಪನ್ನ ಹೀಗೆ ಹಲಗೆಯ ಅಂಟಿಗೆ ಸಂಬಂಧ ಬೆಳೆಸಿತು. 1980ರ ದಶಕದಲ್ಲಿ ಬಿದಿರಿನ ಚಾಪೆಗಳನ್ನು ರಾಳದಲ್ಲಿ ಅದ್ದಿ ಒತ್ತಿ ಹಲಗೆ ಮಾಡುವ ವಿಧಾನವನ್ನೂ ಈ ಸಂಸ್ಥೆ ರೂಪಿಸಿತು. ಚಾಪೆ ಹೆಣೆಯುವ ಕೈಗಳಿಗೂ ಅದರಲ್ಲಿ ಕೆಲಸವಿತ್ತು.

ಕಾಡು ಕೊಟ್ಟ ಎಚ್ಚರಿಕೆ

ಅಂಟು ಉತ್ತಮಗೊಂಡಷ್ಟೂ ಪ್ಲೈವುಡ್‌ಗೆ ಬೇಡಿಕೆ ಏರಿತು. ಅದರ ಬೆಲೆ ತೆತ್ತದ್ದು ಕಾಡು. ಸುಲಿಯಲು ದಪ್ಪನಾದ, ನೇರವಾದ ದಿಮ್ಮಿಗಳೇ ಬೇಕಾಗಿದ್ದವು. ಅಂಥವು ಇದ್ದದ್ದು ನೈಸರ್ಗಿಕ ಅರಣ್ಯದಲ್ಲಿ. 1983ರ ಸೆಪ್ಟೆಂಬರ್‌ನಲ್ಲಿ ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕಡಿಯುವುದನ್ನು ತಡೆದರು. ಅಪ್ಪಿಕೋ ಚಳವಳಿ ಪ್ರಶ್ನಿಸಿದ ಉದ್ಯಮಗಳಲ್ಲಿ ಪ್ಲೈವುಡ್ ಕೂಡ ಒಂದು. 1988ರ ರಾಷ್ಟ್ರೀಯ ಅರಣ್ಯ ನೀತಿ, ಉದ್ಯಮಗಳು ತಮಗೆ ಬೇಕಾದ ಮರವನ್ನು ರೈತರಿಂದ ಪಡೆಯಬೇಕೆಂದು ಹೇಳಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶ ಕಾಡಿನ ಮರ ಕಡಿಯುವುದಕ್ಕೆ ಬಿಗಿಯಾದ ಕಡಿವಾಣ ಹಾಕಿತು.

ಅಂದಿನಿಂದ ಹಲಗೆಗೆ ಬಂದದ್ದು ನೀಲಗಿರಿ, ರಬ್ಬರ್ ಮರ, ಕಾಫಿ ತೋಟಗಳ ಸಿಲ್ವರ್ ಓಕ್, ಉತ್ತರ ಭಾರತದ ಪಾಪ್ಲರ್. ಇವು ಬೇಗ ಬೆಳೆಯುವ, ತೇಗದಂತೆ ತಮ್ಮೊಳಗೇ ರಕ್ಷಕ ದ್ರವ್ಯಗಳಿಲ್ಲದ ಮರಗಳು. ರಬ್ಬರ್ ಮರದಲ್ಲಿ ಪಿಷ್ಟ ಹೇರಳವಾಗಿರುವುದರಿಂದ ಅದನ್ನು ತಿನ್ನುವ ಹುಡಿಹುಳುವಿಗೆ ಹಬ್ಬ. ಆದ್ದರಿಂದ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಹಾಳೆಗಳನ್ನು ಅದ್ದುವುದು, ಅಂಟಿನಲ್ಲಿಯೇ ಕೀಟನಾಶಕ ಬೆರೆಸುವುದು ಅಗತ್ಯವಾಯಿತು. ಹಿಂದೆ ಮರ ತಾನೇ ಕೊಡುತ್ತಿದ್ದ ಬಾಳಿಕೆಯನ್ನು ಈಗ ರಸಾಯನ ಕೊಡಬೇಕಾಯಿತು. ದಿಮ್ಮಿಯೇ ಬೇಡದ ಹಲಗೆಗಳು ಬಂದಾಗ ಇದು ಇನ್ನೂ ಸ್ಪಷ್ಟವಾಯಿತು. ಮರದ ಚೂರುಗಳನ್ನು ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್‌ನ ಮೊದಲ ಕಾರ್ಖಾನೆ 1941ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಯುದ್ಧದ ಅಭಾವದ ನಡುವೆ ಆರಂಭವಾಗಿತ್ತು. ನಾರುಗಳನ್ನು ಒತ್ತಿ ಮಾಡುವ ಎಂ.ಡಿ.ಎಫ್. 1960ರ ದಶಕದಲ್ಲಿ ಅಮೆರಿಕದಲ್ಲಿ ಬಂತು. ಇವುಗಳಲ್ಲಿ ಮರದ ಎಳೆಗಳ ಬಲ ತೀರ ಕಡಿಮೆ, ಅಂಟೇ ಸರ್ವಸ್ವ.

ಕಾರ್ಖಾನೆಗೆ ಹೋದ ಅಡುಗೆಮನೆ

1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ಮಾರ್ಗರೆಟೆ ಶುಟೆ–ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆಯನ್ನು ರೂಪಿಸಿದರು. ಅಡುಗೆ ಮಾಡುವವರ ಹೆಜ್ಜೆಗಳನ್ನು ಎಣಿಸಿ, ಕೈಗೆಟಕುವ ಅಂತರ ಅಳೆದು ಮಾಡಿದ ವಿನ್ಯಾಸ ಅದು. ಸುಮಾರು 10,000 ಮನೆಗಳಲ್ಲಿ ಒಂದೇ ಅಳತೆ ಇದ್ದದ್ದರಿಂದ ಕಪಾಟುಗಳನ್ನು ಸಾಲಾಗಿ ತಯಾರಿಸಬಹುದಾಯಿತು. ಯುದ್ಧಾನಂತರ ಪಾರ್ಟಿಕಲ್ ಬೋರ್ಡ್‌ನ ಜೊತೆಗೆ ಬೆಳೆದ ‘32 ಮಿಲಿಮೀಟರ್ ಪದ್ಧತಿ’ ಇದನ್ನು ಪೂರ್ಣಗೊಳಿಸಿತು: 5 ಮಿ.ಮೀ. ವ್ಯಾಸದ ರಂಧ್ರಗಳು, ನಡುವೆ 32 ಮಿ.ಮೀ. ಅಂತರ, ಹಲಗೆಯ ಮುಂಚಿನಿಂದ 37 ಮಿ.ಮೀ. ಒಳಗೆ. ಕೀಲು, ಅಡ್ಡಪಟ್ಟಿ, ಡ್ರಾಯರ್ ಎಲ್ಲವೂ ಆ ರಂಧ್ರಗಳಿಗೇ ಹೊಂದಿಕೊಳ್ಳುತ್ತವೆ. ಸಾಲು ಕೊರೆಯುವ ಯಂತ್ರದ ಗಿಯರುಗಳನ್ನು ಅದಕ್ಕಿಂತ ಹತ್ತಿರ ಕೂರಿಸಲು ಆಗದ್ದೇ ಈ ವಿಚಿತ್ರ ಅಳತೆಗೆ ಕಾರಣವೆಂದು ಹೇಳುತ್ತಾರೆ.

ಬೆಂಗಳೂರಿನಲ್ಲಿ ಅದೇ ಸನ್ನಿವೇಶ ಸುಮಾರು ಮುಕ್ಕಾಲು ಶತಮಾನದ ನಂತರ ಒದಗಿತು. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ–ಇಂಡಿಯನ್ನರ ಕೃಷಿ ನೆಲೆಯಾಗಿ ಹುಟ್ಟಿದ ಊರು. ಎಲೆಕ್ಟ್ರಾನಿಕ್ ಸಿಟಿ 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ರೂಪಿಸಿದ ಕೈಗಾರಿಕಾ ನಗರ. 1990ರ ದಶಕದ ನಂತರ ಎರಡೂ ಕಡೆ ಸಾವಿರಾರು ಏಕರೂಪದ ಫ್ಲ್ಯಾಟ್‌ಗಳು ಎದ್ದವು. ಮನೆಗೆ ಬರುತ್ತಿದ್ದ ಆಚಾರಿಯ ಕೆಲಸ ಭಾಗಶಃ ಪೀಣ್ಯ, ಬೊಮ್ಮಸಂದ್ರಗಳಂಥ ಕಡೆಯ ಕಾರ್ಯಾಗಾರಗಳಿಗೆ ಸರಿಯಿತು. ಅಲ್ಲಿ ಗರಗಸವನ್ನು ಗಣಕಯಂತ್ರ ನಡೆಸುತ್ತದೆ. ಆದರೆ ಮರದ ದೂಳನ್ನು ಉಸಿರಾಡುವವರು ಮನುಷ್ಯರೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ದೂಳನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಗೆ ಸೇರಿಸಿತು. 2004ರಲ್ಲಿ ಫಾರ್ಮಾಲ್ಡಿಹೈಡನ್ನೂ ಅದೇ ಗುಂಪಿಗೆ ಸೇರಿಸಿತು.

ಒಂದು ಸರಳ ಲೆಕ್ಕ

2.1 ಮೀಟರ್ ಅಗಲ, 2.1 ಮೀಟರ್ ಎತ್ತರ, 0.6 ಮೀಟರ್ ಆಳದ ಒಂದು ಬೀರುವನ್ನು ತೆಗೆದುಕೊಳ್ಳಿ. ಬಾಗಿಲುಗಳು 4.4 ಚದರ ಮೀಟರ್. ಎರಡು ಪಕ್ಕ, ಎರಡು ಅಡ್ಡಗೋಡೆ, ಮೇಲು ಮತ್ತು ತಳ ಕೂಡಿ ಸುಮಾರು 7.6, ಆರು ಅಡ್ಡಹಲಗೆಗಳು 2.5. ಒಟ್ಟು 14.5 ಚದರ ಮೀಟರ್. ಈ ಹಲಗೆ 13 ಹಾಳೆಗಳ 18 ಮಿ.ಮೀ. ಪ್ಲೈವುಡ್ ಆದರೆ ಅದರಲ್ಲಿ 12 ಅಂಟಿನ ಪದರಗಳಿವೆ: 174 ಚದರ ಮೀಟರ್. ಹಿಂಬದಿಗೆ 5 ಹಾಳೆಗಳ 6 ಮಿ.ಮೀ. ಹಲಗೆ ಹಾಕಿದರೆ ಇನ್ನೂ ಸುಮಾರು 18. ಒಂದು ಬೀರುವಿನೊಳಗೆ ಹೀಗೆ ಸುಮಾರು 190 ಚದರ ಮೀಟರ್ ಅಂಟು ಹರಡಿಕೊಂಡಿದೆ. 1,200 ಚದರ ಅಡಿಯ ಫ್ಲ್ಯಾಟಿನ ನೆಲ ಸುಮಾರು 111 ಚದರ ಮೀಟರ್ ಮಾತ್ರ!

ಈ ಬೀರು 3 ಮೀಟರ್ ಅಗಲ, 3.6 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆಯಲ್ಲಿದ್ದರೆ, ಹಿಂಬದಿಯೂ ಸೇರಿ ಹಲಗೆಗಳ ಎರಡೂ ಮುಖಗಳು ಸುಮಾರು 38 ಚದರ ಮೀಟರ್; ಕೋಣೆಯ ಗಾಳಿ 32 ಘನ ಮೀಟರ್. ಅಂದರೆ ಪ್ರತಿ ಘನ ಮೀಟರ್ ಗಾಳಿಗೆ ಒಂದು ಚದರ ಮೀಟರ್‌ಗಿಂತ ಹೆಚ್ಚು ಹಲಗೆ. ಒಳಾಂಗಣ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಅರ್ಧ ಗಂಟೆಯ ಸರಾಸರಿಯಲ್ಲಿ ಘನ ಮೀಟರ್‌ಗೆ 0.1 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅಗ್ಗದ ಹಲಗೆಗಳು ಈ ಮಿತಿಯನ್ನು ದಾಟಬಲ್ಲವು. ಶಾಖ ಮತ್ತು ತೇವ ಹೆಚ್ಚಿದಷ್ಟೂ ಅನಿಲ ಹೆಚ್ಚು ಹೊರಬೀಳುತ್ತದೆ. ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತದೆ.

ಲ್ಯಾಮಿನೇಟ್ ಇದಕ್ಕೆ ಭಾಗಶಃ ರಕ್ಷಣೆ. 1913ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಫಾರ್ಮೈಕಾ’, ನಮ್ಮವರು ಹೇಳುವ ‘ಸನ್‌ಮೈಕಾ’ – ಇವು ಕೂಡ ಕಾಗದ ಮತ್ತು ರಾಳಗಳೇ. ಒಳಪದರಗಳಲ್ಲಿ ಫೀನಾಲ್ ರಾಳ, ಮೇಲ್ಮೈಯಲ್ಲಿ ಮೆಲಮೈನ್ ರಾಳ. ಅಂಥ ಹಾಳೆ ಮುಖಗಳನ್ನು ಮುಚ್ಚುತ್ತದೆ. ಆದರೆ ಅನಿಲ ಹೊರಬರುವುದೂ, ನೀರು ಒಳಹೋಗುವುದೂ ಮುಖ್ಯವಾಗಿ ಕೊಯ್ದ ಅಂಚುಗಳಲ್ಲಿ, ಕೊರೆದ ರಂಧ್ರಗಳಲ್ಲಿ. ಗೋಡೆಯ ಕಡೆಗಿರುವ, ಸಿಂಕಿನ ಕೆಳಗಿರುವ ಅಂಚುಗಳನ್ನು ಮುಚ್ಚದೆ ಬಿಡುವುದು ಸಾಮಾನ್ಯ, ಏಕೆಂದರೆ ಅವು ಕಾಣುವುದಿಲ್ಲ.

ಏನು ಕೇಳಬೇಕು?

ಆದ್ದರಿಂದ ಬೀರು ಮಾಡಿಸುವವರು ಬಣ್ಣಕ್ಕೆ ಮೊದಲು ಮೂರು ಪ್ರಶ್ನೆ ಕೇಳಬೇಕು. ಹಲಗೆಯ ಮೇಲೆ ಯಾವ ಐ.ಎಸ್. ಸಂಖ್ಯೆಯ ಗುರುತು ಇದೆ? ಅದರ ಫಾರ್ಮಾಲ್ಡಿಹೈಡ್ ವರ್ಗ ಯಾವುದು, ‘ಇ–1’ ಅಥವಾ ಅದಕ್ಕಿಂತ ಕಡಿಮೆಯೇ? ಕಾಣದ ಅಂಚುಗಳನ್ನೂ ಮುಚ್ಚುತ್ತೀರಾ? ನೀರು ತಗುಲುವ ಅಡುಗೆಮನೆಯ ಕೆಳ ಕಪಾಟಿಗೆ ಫೀನಾಲ್ ರಾಳದ ಹಲಗೆ ಬೇಕು. ಒಣ ಕೋಣೆಯ ಬೀರುವಿಗೆ ಮರೀನ್ ಹಲಗೆಯ ಖರ್ಚು ಅನಗತ್ಯ. ಕೆಲಸ ಮುಗಿದ ಮೇಲೆ ಬಾಗಿಲು, ಕಿಟಕಿಗಳನ್ನು ತೆರೆದಿಟ್ಟು ಕೆಲವು ವಾರ ಗಾಳಿಯಾಡಿಸುವುದು ಖರ್ಚಿಲ್ಲದ ಮದ್ದು.

ಶಾಲೆಯಲ್ಲಿ ಒಂದು ಪ್ರಯೋಗವನ್ನೂ ಮಾಡಬಹುದು. ಹತ್ತಿರದ ಬಡಗಿಯಿಂದ ಎಂ.ಆರ್. ಮತ್ತು ಬಿ.ಡಬ್ಲ್ಯು.ಆರ್. ಪ್ಲೈವುಡ್‌ನ ಬೆರಳುದ್ದದ ತುಣುಕುಗಳನ್ನು ತಂದು, ಗುರುತು ಹಾಕಿ, ದಪ್ಪವನ್ನು ವರ್ನಿಯರ್‌ನಿಂದ ಅಳೆದು, ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಬಯಲಿನಲ್ಲಿ ಕುದಿಸಿ. ಆವಿಯನ್ನು ಮೂಸಬೇಡಿ. ಗಂಟೆಗೊಮ್ಮೆ ತೆಗೆದು ಅಳೆದು ದಾಖಲಿಸಿ. ಯಾವ ಪದರ ಯಾವಾಗ ಬಿಡುತ್ತದೆ, ದಪ್ಪ ಎಷ್ಟು ಏರುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿದರೆ ಎರಡು ರಾಸಾಯನಿಕ ಬಂಧಗಳ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಚೌಕಟ್ಟಿನೊಳಗೆ ಹಲಗೆಯನ್ನು ಸಡಿಲ ಬಿಟ್ಟ ಆಚಾರಿಗೆ ಮರದ ಸ್ವಭಾವ ಗೊತ್ತಿತ್ತು. ಅವನು ಕಟ್ಟಿದ ಬೀರುವನ್ನು ಮಾಡಿಸಿಕೊಂಡವರೂ ಮರವನ್ನು ತಟ್ಟಿ ನೋಡಿ ಒಪ್ಪುತ್ತಿದ್ದರು. ಇಂದಿನ ಹಲಗೆಯನ್ನು ತಟ್ಟಿ ನೋಡಿದರೆ ಏನೂ ತಿಳಿಯದು. ಅದರ ಗುಣ ಅಂಟಿನಲ್ಲಿದೆ, ಅಂಟಿನ ಗುಣ ರಸಾಯನದಲ್ಲಿದೆ. ಕೊಳ್ಳುವವರಿಗೆ ಆ ರಸಾಯನದ ಅಕ್ಷರಜ್ಞಾನ ಸಿಗಬೇಕಾದದ್ದು ಅಂಗಡಿಯಲ್ಲಿ ಅಲ್ಲ, ತರಗತಿಯಲ್ಲಿ.